ಲೋಟದ ಹೊರಗಿನ ಹನಿ

ನಮ್ಮ ಬಳ್ಳಾರಿಯ ಬೇಸಿಗೆಯನ್ನು ಹೊಸದಾಗಿ ವರ್ಣಿಸಬೇಕಾಗಿಲ್ಲ. 40 ಡಿಗ್ರಿ ದಾಟಿದ ಒಂದು ಮಧ್ಯಾಹ್ನ, ಪಾರ್ವತಿನಗರದ ನಮ್ಮ ಮನೆಗೆ ಪಾಠಕ್ಕೆ ಬರುವ ಮಕ್ಕಳಿಗೆಲ್ಲ ಫ್ರಿಜ್ಜಿನ ನೀರು ಕೊಟ್ಟೆ. ಸ್ವಲ್ಪ ಹೊತ್ತಿಗೆ ನೋಡಿದರೆ, ಎರಡನೇ ತರಗತಿಯ ಹುಡುಗಿಯೊಬ್ಬಳ ನೋಟ್‌ಬುಕ್ಕಿನ ಮೇಲೆ ದುಂಡನೆಯ ಒದ್ದೆ ಗುರುತು. ಬರೆದ ಅಕ್ಷರವೆಲ್ಲ ಕಲಸಿಹೋಗಿತ್ತು.

"ನೀರು ಚೆಲ್ಲಿಕೊಂಡೆಯಾ?" ಎಂದು ಗದರಿದೆ.

"ನಾ ಚೆಲ್ಲಿಲ್ರಿ ಟೀಚರ್, ಲೋಟಾನ ಒದ್ದಿ ಆಗೈತಿ," ಎನ್ನುತ್ತ ಕಣ್ಣು ತುಂಬಿಕೊಂಡಳು.

ಲೋಟ ಎತ್ತಿ ನೋಡಿದೆ. ಮೈತುಂಬ ಹನಿ! ವಿಚಾರಿಸದೆ ಬೈದದ್ದು ನನ್ನದೇ ತಪ್ಪು. ಅದನ್ನು ಮುಚ್ಚಿಕೊಳ್ಳಲು, "ಲೋಟ ಬೆವರಿದೆ, ಬಿಡಮ್ಮ," ಎಂದುಬಿಟ್ಟೆ.

ಅಷ್ಟಕ್ಕೆ ಬಿಡುವ ಮಗುವೇ ಅದು? "ಹಂಗಾದ್ರ ಒಳಗಿನ ನೀರು ಹೊರಗ ಬಂತೇನ್ರಿ, ನಮ್ಮನಿ ಗಡಿಗಿ ಹಂಗ?" ಎಂದಳು.

ಅವಳ ತರ್ಕ ಸರಿಯಾಗಿಯೇ ಇತ್ತು. ಬೆವರು ಒಳಗಿನಿಂದಲೇ ಬರುವಂಥದು. ಮಣ್ಣಿನ ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಕ್ಕೆ ಜಿನುಗಿ, ಆವಿಯಾಗುತ್ತ, ಒಳಗಿನ ನೀರನ್ನು ತಂಪು ಮಾಡುತ್ತದೆ. ಆದರೆ ಸ್ಟೀಲ್ ಲೋಟದಲ್ಲಿ ರಂಧ್ರವೆಲ್ಲಿ?

ಮರುದಿನ ಖಾಲಿ ಲೋಟವೊಂದನ್ನು ಚೆನ್ನಾಗಿ ಒರೆಸಿ, ಫ್ರೀಜರಿನಲ್ಲಿಟ್ಟು, ಮಕ್ಕಳ ಮುಂದೆ ಹೊರತೆಗೆದೆ. ನೋಡನೋಡುತ್ತಿದ್ದಂತೆ ಅದರ ಹೊರಮೈ ಮಬ್ಬಾಗಿ, ಹನಿ ಕಟ್ಟಿತು. ನೀರನ್ನೇ ಹಾಕಿರದ ಲೋಟ!

"ಬೆಳಿಗ್ಗೆ ಒಗೆದು ಹಾಕಿದ ಬಟ್ಟೆಯ ನೀರು ಎಲ್ಲಿ ಹೋಗುತ್ತದೆ?" ಎಂದು ಕೇಳಿದೆ.

"ಗಾಳಿಯೊಳಗ!" ಎಂದು ಎಲ್ಲರೂ ಕೂಗಿದರು. ಕಣ್ಣಿಗೆ ಕಾಣದ ಆ ಆವಿಯೇ ತಣ್ಣನೆಯ ಲೋಟಕ್ಕೆ ತಾಗಿ ಮತ್ತೆ ನೀರಾಯಿತೆಂದು ಹೇಳಿಕೊಟ್ಟೆ.

ಮಕ್ಕಳ ಮಾತಿರಲಿ, ದೊಡ್ಡವರಾದ ನಾವೂ "ಇಬ್ಬನಿ ಬಿತ್ತು" ಎನ್ನುತ್ತೇವಲ್ಲ! ಅದು ಮಳೆಯಂತೆ ಮೇಲಿನಿಂದ ಬೀಳುವುದಲ್ಲ. ರಾತ್ರಿ ತಣ್ಣಗಾದ ಹುಲ್ಲಿನ ಮೇಲೆ ಗಾಳಿಯ ತೇವವೇ ಹನಿಗಟ್ಟುವುದು. ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯರು ಲಂಡನ್ನಿನಲ್ಲಿ ಪ್ರಯೋಗ ಮಾಡಿ, ಇದನ್ನು ವಿವರಿಸಿ ಪುಸ್ತಕ ಪ್ರಕಟಿಸಿದ್ದು 1814ರಲ್ಲಿ.

ಪಾಠ ಮುಗಿದ ಮೇಲೆ ಹುಡುಗಿಯನ್ನು ಹತ್ತಿರ ಕರೆದು, "ನಿನ್ನೆ ನೀನು ಚೆಲ್ಲಿರಲಿಲ್ಲ. ನಾನು ಸುಮ್ಮನೆ ಬೈದೆ, ತಪ್ಪಾಯಿತಮ್ಮ," ಎಂದೆ. ಮೂವತ್ತು ವರ್ಷ ಪಾಠ ಹೇಳಿದ ಬಾಯಿಗೆ ಆ ಒಂದು ಮಾತು ಸುಲಭವಾಗಿ ಬರಲಿಲ್ಲ.

ಅವಳಿಗೆ ಅದರ ಕಡೆ ಗಮನವೇ ಇರಲಿಲ್ಲ. ಲೋಟದ ಮೇಲಿನ ಹನಿಯೊಂದನ್ನು ಬೆರಳಿಗೆ ತೆಗೆದುಕೊಂಡು ಕೇಳಿದಳು: "ಇದು ನಮ್ಮವ್ವ ಒಗೆದ ಬಟ್ಟಿ ನೀರೇನ್ರಿ ಟೀಚರ್?"

"ಇದ್ದರೂ ಇರಬಹುದಮ್ಮ," ಎಂದೆ.