ಸ್ಯಾನ್ ಹೋಸೆಯಲ್ಲಿ ಒಂದು ಮೆಕ್ಸಿಕನ್ ಊಟ

ಒಂದು ಹೊತ್ತಿನ ಊಟವನ್ನು ಪ್ರವಾಸವೆಂದು ಕರೆದರೆ ವಾಚಕರು ನಕ್ಕಾರು. ಆದರೆ ಮಕ್ಕಳನ್ನು ನೋಡಲೆಂದು ಅಮೆರಿಕೆಗೆ ಹೋದ ನಮ್ಮಂಥ ವಯಸ್ಸಾದವರಿಗೆ ಮನೆಯ ಹೊಸ್ತಿಲು ದಾಟುವುದೂ ಪ್ರವಾಸವೇ ಸರಿ. ಬೆಳಿಗ್ಗೆ ಮಗ ಸೊಸೆ ಕಾರು ಹತ್ತಿ ಹೋದರೆಂದರೆ ಸಂಜೆಯವರೆಗೆ ಕಿಟಕಿಯೇ ಸಂಗಾತಿ. 2023ರ ಬೇಸಿಗೆಯಲ್ಲಿ ಪುಣೆಯಿಂದ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರಕ್ಕೆ ಹೋಗಿದ್ದ ನಾವು ಗಂಡಹೆಂಡಿರಿಗೆ ಅಲ್ಲಿನ ಉದ್ಯಾನದ ಬೆಂಚಿನ ಮೇಲೆ ಮೂವರು ಕನ್ನಡಿಗರ ಸ್ನೇಹ ದೊರೆತದ್ದು ನಮ್ಮ ಪುಣ್ಯ. ಹೈದರಾಬಾದಿನಲ್ಲಿ ನೆಲೆಸಿದ ನಿವೃತ್ತ ಮೇಷ್ಟ್ರು, ಅವರ ಪತ್ನಿ. ಮಗಳ ಬಾಣಂತನಕ್ಕೆ ಬಂದಿದ್ದ ಸೊಲ್ಲಾಪುರದ ಅಕ್ಕ.

ಅಕ್ಕ ಹೊರಡುವ ದಿನ ಹತ್ತಿರವಾಯಿತು. ಐದು ತಿಂಗಳಿದ್ದೂ ಆಕೆ ನೋಡಿದ್ದು ಆಸ್ಪತ್ರೆ ಮತ್ತು ಆ ಉದ್ಯಾನ, ಎರಡೇ. ಬೀಳ್ಕೊಡುಗೆಗೆ ಎಲ್ಲಾದರೂ ಊಟ ಮಾಡೋಣವೆಂದರೆ ಆಕೆ ಹೊರಗೆ ತಿನ್ನುವವರಲ್ಲ, ಮಾಂಸದ ಸೋಂಕು ಸಹಿಸುವವರಲ್ಲ. “ಮೆಕ್ಸಿಕೋದವರದು ರೊಟ್ಟಿ, ಕಾಳು, ಮೆಣಸಿನಕಾಯಿಯ ಊಟ; ನಮ್ಮ ಹಾಗೆಯೇ. ನಿಮಗೆ ಏನೂ ತೊಂದರೆಯಾಗದು” ಎಂದು ಭರವಸೆ ಕೊಟ್ಟು ಒಪ್ಪಿಸಿದವರು ನಾವೇ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಬಸ್ಸು ಹಿಡಿದು ಊರಿನ ಪೂರ್ವಭಾಗಕ್ಕೆ ಹೋದೆವು. ಈ ಸೀಮೆಯೆಲ್ಲ 1848ರವರೆಗೆ ಮೆಕ್ಸಿಕೋ ದೇಶಕ್ಕೇ ಸೇರಿತ್ತು. ಯುದ್ಧದಲ್ಲಿ ಸೋತು ಬಿಟ್ಟುಕೊಟ್ಟದ್ದು. ಇಂದು ಕಂಪ್ಯೂಟರಿನ ರಾಜಧಾನಿಯೆನಿಸಿದ ಕಣಿವೆ ಹಿಂದೆ ಪ್ಲಮ್ ಮತ್ತು ಜರ್ದಾಳು ಹಣ್ಣಿನ ತೋಟಗಳಿಂದ ತುಂಬಿತ್ತು. ಹಣ್ಣು ಬಿಡಿಸಲೂ ಡಬ್ಬಿಗೆ ತುಂಬಲೂ ಬಂದ ಮೆಕ್ಸಿಕೋದ ಕೂಲಿಗಳು ಈ ಪೂರ್ವಭಾಗದಲ್ಲಿ ನೆಲೆಸಿದರು. ಅವರ ಒಂದು ಕೇರಿಗೆ ‘ಸಾಲ್ ಸಿ ಪ್ವೇದೆಸ್’ ಎಂದು ಹೆಸರಿತ್ತು. ‘ಸಾಧ್ಯವಾದರೆ ಹೊರಗೆ ಬಾ’ ಎಂದರ್ಥ. ಮಳೆಗಾಲದಲ್ಲಿ ಅಷ್ಟು ಕೆಸರಂತೆ.

ಹೋಟೆಲು ಚಿಕ್ಕದು, ಹತ್ತು ಮೇಜಿನದು. ಮೊದಲು ಬಂದದ್ದು ಗಾಜಿನ ಜಾಡಿಯಲ್ಲಿ ರಕ್ತಗೆಂಪು ಪಾನಕ. ಅಕ್ಕ ಒಂದು ಗುಟುಕು ಕುಡಿದವರೇ, “ಇದು ನಮ್ಮ ಪುಂಡಿ ಅಲ್ಲೇನ್ರಿ?” ಎಂದರು. ನಿಜ! ಕೆಂಪು ಪುಂಡಿಯ ಕಾಯಿಯನ್ನು ಸುತ್ತಿಕೊಂಡಿರುವ ದಳಗಳನ್ನು ಒಣಗಿಸಿ, ಕುದಿಸಿ, ಸಕ್ಕರೆ ಬೆರೆಸಿ ಮಾಡಿದ್ದು. ನಾವು ಸೊಪ್ಪನ್ನು ಪಲ್ಯ ಮಾಡಿ ಉಣ್ಣುತ್ತೇವೆ, ಅವರು ಈ ದಳವನ್ನು ಕುಡಿಯುತ್ತಾರೆ. ಹುಣಿಸೆಹಣ್ಣಿನ ಪಾನಕವೂ ಇತ್ತು. ಮೇಷ್ಟ್ರಿಗೆ ಉತ್ಸಾಹ ಬಂತು. ಹುಣಿಸೆ, ಮಾವು ನಮ್ಮ ಕಡೆಯಿಂದ ಅಲ್ಲಿಗೆ ಹೋದವು. ಮೆಣಸಿನಕಾಯಿ, ಗೋವಿನಜೋಳ, ಟೊಮೇಟೊ ಅಲ್ಲಿಂದ ಇಲ್ಲಿಗೆ ಬಂದವು. 16ನೆಯ ಶತಮಾನದಲ್ಲಿ ಪೋರ್ತುಗೀಸರು ಮೆಣಸಿನಕಾಯಿ ತರುವವರೆಗೆ ನಮ್ಮ ಸಾರಿಗೆ ಕರಿಮೆಣಸೇ ಖಾರ, ಆದುದರಿಂದಲೇ ಹೊಸ ಕಾಯಿಗೂ ಮೆಣಸಿನ ಹೆಸರೇ ಅಂಟಿತು ಎಂದು ಪಾಠ ನಡೆಯಿತು. ಅಷ್ಟರಲ್ಲಿ ಪಾಪಾಸುಕಳ್ಳಿಯ ಪಲ್ಯ ಬಂತು. ಹೌದು, ನಮ್ಮ ಹೊಲದ ಬೇಲಿಯ ಮುಳ್ಳುಕಳ್ಳಿಯ ಬಳಗದ್ದೇ! ಎಳೆಯ ಹಾಳೆಗಳ ಮುಳ್ಳು ಹೆರೆದು, ಹೆಚ್ಚಿ ಹುರಿದಿದ್ದರು. ಬೆಂಡೆಯ ಲೋಳೆ, ಸ್ವಲ್ಪ ಹುಳಿ. ನಮಗಂತೂ ಬಹಳ ಹಿಡಿಸಿತು.

ಆಮೇಲೆ ಬಂದದ್ದು ಬೇಯಿಸಿ ಮಸೆದು ಬಾಡಿಸಿದ ಕಾಳು. ಅಕ್ಕ ನಾಲ್ಕು ತುತ್ತು ತಿಂದು, “ಭಾಳ ರುಚಿ ಆಗೇದ. ಯಾವ ಎಣ್ಣಿ ಹಾಕ್ಯಾರ ಕೇಳ್ರಿ” ಎಂದರು.

ಕೇಳಿದೆವು. ಬಡಿಸುವ ಹುಡುಗಿ ನಗುನಗುತ್ತಲೇ ಹೇಳಿದಳು: ಹಂದಿಯ ಕೊಬ್ಬು.

ಮಾಂಸವಿಲ್ಲವಷ್ಟೆ ಎಂದು ನಾವು ಮೊದಲೇ ಕೇಳಿದ್ದೆವು, ಇಲ್ಲವೆಂದು ಆಕೆ ನಿಜವನ್ನೇ ಹೇಳಿದ್ದಳು. ಕೊಬ್ಬನ್ನು ಕುರಿತು ಕೇಳಲು ನಮಗೆ ತೋಚಿರಲಿಲ್ಲ. ಹಂದಿ ಮೆಕ್ಸಿಕೋದ ಮೂಲಪ್ರಾಣಿಯಲ್ಲ, ಸ್ಪೇನಿನವರು ತಂದದ್ದು ಎಂದು ಮೇಷ್ಟ್ರು ತೊದಲಿದರು. ಆ ಹೊತ್ತಿನಲ್ಲಿ ಇತಿಹಾಸ ಯಾರಿಗೆ ಬೇಕಾಗಿತ್ತು! ಅಕ್ಕ ಚಮಚ ಕೆಳಗಿಟ್ಟರು. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. ನಮಗೆ ತಲೆಯೆತ್ತಲು ಮುಖವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, “ರೊಟ್ಟ್ಯಾಗೂ ಐತೇನು ಕೇಳ್ರಿ” ಎಂದರು.

ಹುಡುಗಿಗೆ ಈಗ ಸಂಗತಿ ಅರ್ಥವಾಗಿ ಒಳಗೆ ಓಡಿದಳು. ಕೈಯೊರೆಸಿಕೊಳ್ಳುತ್ತ ಅಡುಗೆಯಾಕೆ ಹೊರಗೆ ಬಂದರು. ವಾಹಾಕ ಸೀಮೆಯವರು, ಇಂಗ್ಲಿಷ್ ಬಾರದು. ರೊಟ್ಟಿಗೆ ಗೋವಿನಜೋಳ, ಸುಣ್ಣ, ನೀರು, ಇವಿಷ್ಟೇ ಎಂದು ಹುಡುಗಿಯ ಬಾಯಿಂದ ಹೇಳಿಸಿದರು. ಸುಣ್ಣವೆಂದೊಡನೆ ಅಕ್ಕನ ಕಿವಿ ನೆಟ್ಟಗಾಯಿತು. ಎಲೆಗೆ ಹಚ್ಚುವ ಸುಣ್ಣವೇ? ಅದೇ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಯಿಟ್ಟು, ಸಿಪ್ಪೆ ತೊಳೆದು ರುಬ್ಬುತ್ತಾರೆ. ಹಾಗೆ ಮಾಡದಿದ್ದರೆ ಹಿಟ್ಟು ಹದಗೂಡದು, ಕಾಳಿನೊಳಗಿನ ಒಂದು ಜೀವಸತ್ತ್ವವೂ ಮೈಗೆ ಹತ್ತದು. ಜೋಳವನ್ನು ಕೊಂಡೊಯ್ದು ಸುಣ್ಣವನ್ನು ಮರೆತ ಇಟಲಿಯ ಬಡವರು ಪೆಲಾಗ್ರವೆಂಬ ರೋಗದಿಂದ ತಲೆಮಾರುಗಳ ಕಾಲ ನರಳಿದರು.

ಅಕ್ಕನನ್ನು ಒಲೆಯ ಬಳಿಗೆ ಕರೆದೊಯ್ದರು. ನಾವು ಬಾಗಿಲಲ್ಲಿ ನಿಂತೆವು. ಉಂಡೆಯನ್ನು ಎರಡು ಹಲಗೆಗಳ ನಡುವೆ ಒತ್ತಿ ಹೆಂಚಿಗೆ ಹಾಕುತ್ತಿದ್ದರು. “ಬಡೀದೆ ರೊಟ್ಟಿ ಹ್ಯಾಂಗಾಗ್ತದ?” ಎಂದು ಅಕ್ಕ ಗಾಳಿಯಲ್ಲಿ ಅಂಗೈ ಬಡಿದು ತೋರಿಸಿದರು. ಅಡುಗೆಯಾಕೆ ಜೋರಾಗಿ ನಕ್ಕು ಹಲಗೆ ಸರಿಸಿ, ಎರಡು ಅಂಗೈಗಳ ನಡುವೆ ಉಂಡೆಯನ್ನು ತಿರುಗಿಸುತ್ತ ತಟ್ಟತೊಡಗಿದರು. ಊರಿನಲ್ಲಿ ಅವರ ತಾಯಿ ಹೀಗೆಯೇ ಮಾಡುತ್ತಿದ್ದರಂತೆ. ಪಟಪಟ ಸದ್ದಿಗೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಐದು ತಿಂಗಳಾಗಿತ್ತು ಆ ಸದ್ದು ಕೇಳಿ. ತಾವೂ ಒಂದು ತಟ್ಟಹೋದರು. ಅಂಚು ಹರಿದು ಅರ್ಧ ನೆಲಕ್ಕೆ ಬಿತ್ತು.

ಮೇಜಿಗೆ ಬಂದು ಹೊಸ ರೊಟ್ಟಿಗಳನ್ನು ತಿಂದರು. ಕೈಚೀಲದಿಂದ ಶೇಂಗಾ ಹಿಂಡಿಯ ಡಬ್ಬಿ ಹೊರಬಂತು! ನಮ್ಮ ಭರವಸೆಯನ್ನು ಆಕೆ ಅಷ್ಟಾಗಿ ನಂಬಿರಲಿಲ್ಲವೆಂದು ಆಗ ತಿಳಿಯಿತು.

ಬಸ್ಸಿನಲ್ಲಿ ನಾವು ಕ್ಷಮೆ ಕೇಳಿದೆವು. “ಗೊತ್ತಿಲ್ದ ತಿಂದೀನಿ. ನಾಳಿ ಉಪಾಸ ಮಾಡ್ತೀನಿ” ಎಂದರು. ಮಾಡಿಯೂ ಮಾಡಿದರು. ಹಿಂಡಿಯ ಡಬ್ಬಿ ಕಾಣಲಿಲ್ಲ. ಎಲ್ಲಿ ಹೋಯಿತೆಂದು ವಿಚಾರಿಸಿದರೆ, ಅಡುಗೆಯಾಕೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಇನ್ನೂ ಬೇಕೆಂದು ಕೈಯೊಡ್ಡಿದ್ದರಂತೆ. ಡಬ್ಬಿಯನ್ನೇ ಅಲ್ಲಿ ಬಿಟ್ಟುಬಂದಿದ್ದರು.