ವೇಗವೂ ಸ್ಥೈರ್ಯವೂ

ಗಡಿಯಾರದ ಮುಳ್ಳನ್ನು ಮುಂದಕ್ಕೆ ತಿರುಗಿಸಿದ ಮಾತ್ರಕ್ಕೆ ದಿನವು ಬೇಗನೆ ಮುಗಿಯಲಾರದೆಂಬುದು ಮಕ್ಕಳಿಗೂ ತಿಳಿದ ವಿಷಯವು. ಆದರೆ ಗಣಕಯಂತ್ರದ ಒಳಗಿರುವ ಗಡಿಯಾರದ ರೀತಿಯೇ ಬೇರೆ. ಅಲ್ಲಿ ತಾಳವನ್ನು ತ್ವರೆಗೊಳಿಸಿದರೆ ಕೆಲಸವೂ ತ್ವರೆಯಾಗಿ ಸಾಗುವುದು. ಯಂತ್ರಕ್ಕೆ ಮಿದುಳಿನಂತಿರುವ ಪ್ರೊಸೆಸರು ಈ ತಾಳವನ್ನು ಅನುಸರಿಸಿಯೇ ಹೆಜ್ಜೆಯಿಡುವುದು. 4 ಗಿಗಾಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ 400 ಕೋಟಿ ತಾಳಗಳು. ತಯಾರಕರು ಗೊತ್ತುಮಾಡಿದ ತಾಳವನ್ನು ಮೀರಿ ಪ್ರೊಸೆಸರನ್ನು ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. 1998ರಲ್ಲಿ ಇಂಟೆಲ್ ಸಂಸ್ಥೆಯು ಹೊರಡಿಸಿದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರು 300 ಮೆಗಾಹರ್ಟ್ಸಿಗೆ ನಿಯಮಿತವಾಗಿದ್ದರೂ, ಅನೇಕರ ಕೈಯಲ್ಲಿ 450ರಲ್ಲಿ ಓಡಿತು. ಅಲ್ಪ ಧನದಿಂದ ಅಧಿಕ ಫಲವನ್ನು ಪಡೆಯುವ ಈ ಉಪಾಯವು ಅಂದಿನಿಂದ ಬಹುಜನಪ್ರಿಯವಾಯಿತು.

ಆದರೆ ಪ್ರಪಂಚದಲ್ಲಿ ಯಾವ ಲಾಭವೂ ಬೆಲೆಯಿಲ್ಲದೆ ಬರುವುದಿಲ್ಲ. ಪ್ರೊಸೆಸರಿನೊಳಗಿನ ಕೋಟ್ಯವಧಿ ಸೂಕ್ಷ್ಮ ಕೀಲುಗಳು ಒಂದು ತಾಳಕ್ಕೂ ಮುಂದಿನ ತಾಳಕ್ಕೂ ನಡುವೆ ತಮ್ಮ ತಮ್ಮ ಸ್ಥಾನಗಳಲ್ಲಿ ನೆಲೆಗೊಳ್ಳತಕ್ಕದ್ದು. 4 ಗಿಗಾಹರ್ಟ್ಸಿನಲ್ಲಿ ಆ ಅವಕಾಶವು ಎಷ್ಟು ಕಿರಿದೆಂದರೆ, ಅಷ್ಟರಲ್ಲಿ ಬೆಳಕು ಸಹ ಏಳೂವರೆ ಸೆಂಟಿಮೀಟರಿನಷ್ಟು ದೂರ ಮಾತ್ರ ಸಾಗುವುದು. ತಾಳವನ್ನು ಇನ್ನೂ ತ್ವರೆಗೊಳಿಸಿದರೆ ಕೆಲವು ಕೀಲುಗಳು ಹಿಂದೆ ಬೀಳುವುವು. ಅವುಗಳನ್ನು ಚುರುಕುಗೊಳಿಸಲು ವೋಲ್ಟೇಜನ್ನು ಹೆಚ್ಚಿಸಬೇಕು. ವೋಲ್ಟೇಜು ಹೆಚ್ಚಿದರೆ ಶಾಖವು ಅದರ ವರ್ಗದ ಪ್ರಮಾಣದಲ್ಲಿ ಏರುವುದು. ಶಾಖವು ಏರಿದರೆ ಕೀಲುಗಳು ಮತ್ತೆ ಮಂದವಾಗುವುವು. ವೇಗವು ನೂರಕ್ಕೆ 20ರಷ್ಟೂ ವೋಲ್ಟೇಜು ನೂರಕ್ಕೆ 10ರಷ್ಟೂ ಹೆಚ್ಚಿದರೆ ಉಷ್ಣವು ಸುಮಾರು ನೂರಕ್ಕೆ 45ರಷ್ಟು ಹೆಚ್ಚುವುದೆಂದು ಲೆಕ್ಕವು ಹೇಳುವುದು.

ಹರಿಹರದ ಆಸುಪಾಸಿನ ಕಡರನಾಯಕನಹಳ್ಳಿಯ ತರುಣನೊಬ್ಬನಿಗೆ ಈ ಲೆಕ್ಕವೆಲ್ಲ ಚೆನ್ನಾಗಿ ತಿಳಿದಿತ್ತು. ಹರಿಹರ ದಾವಣಗೆರೆಗಳ ಕಲ್ಯಾಣಮಂಟಪಗಳಲ್ಲಿ ಮದುವೆಗಳ ವಿಡಿಯೋ ತೆಗೆದು, ಮನೆಯಲ್ಲಿ ಕುಳಿತು ಅವನ್ನು ಜೋಡಿಸಿ ಕೊಡುವುದು ಅವನ ಜೀವನೋಪಾಯವು. ಅವನ ಯಂತ್ರದ ಪ್ರೊಸೆಸರು 3.5 ಗಿಗಾಹರ್ಟ್ಸಿನದು. ಅದನ್ನು ಅವನು 4.2ಕ್ಕೆ ಏರಿಸಿದನು. ಐದು ಗಂಟೆ ಹಿಡಿಯುತ್ತಿದ್ದ ಕೆಲಸವು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮುಗಿಯತೊಡಗಿತು. ಲಗ್ನದ ಕಾಲದಲ್ಲಿ ಇದು ಸಾಮಾನ್ಯ ಲಾಭವಲ್ಲ. ಅವನು ಪರೀಕ್ಷೆ ಮಾಡದೆ ಬಿಟ್ಟವನೂ ಅಲ್ಲ. ಎಳ್ಳಮಾವಾಸ್ಯೆಯ ಹೊತ್ತಿನ ಒಂದು ಬೆಳಿಗ್ಗೆ, ಕೋಣೆಯಲ್ಲಿ 22 ಡಿಗ್ರಿ ಉಷ್ಣತೆಯಿದ್ದಾಗ, ಎರಡು ಗಂಟೆಗಳ ಕಾಲ ಯಂತ್ರವನ್ನು ಪೂರ್ಣಭಾರದಲ್ಲಿ ಓಡಿಸಿ ನೋಡಿದ್ದನು. ಉಷ್ಣತೆಯು 76 ಡಿಗ್ರಿಯನ್ನು ದಾಟಲಿಲ್ಲ, ತಪ್ಪೊಂದೂ ಕಾಣಿಸಲಿಲ್ಲ.

ವೈಶಾಖದಲ್ಲಿ ಒಂದು ಮದುವೆಯ ಕೆಲಸವಾಯಿತು. ಮದುಮಗಳ ಅಜ್ಜಿಯವರು ವಧೂವರರ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಹರಸಿದ ದೃಶ್ಯವು ಅದರಲ್ಲಿತ್ತು. ಮನೆಯವರಿಗೆ ಕೊಟ್ಟ ಚಿತ್ರದಲ್ಲಿ ಅದರ ಕೆಲವು ಕ್ಷಣಗಳನ್ನು ಮಾತ್ರ ಸೇರಿಸಿ, ಉಳಿದ ಮೂಲವನ್ನು ತರುಣನು ಯಂತ್ರದಲ್ಲಿ ಅಡಕಮಾಡಿ ಇಟ್ಟನು. ಕ್ಯಾಮೆರಾದ ಕಾರ್ಡನ್ನು ಮುಂದಿನ ಮದುವೆಗಾಗಿ ಅಳಿಸಿದನು. ಜ್ಯೇಷ್ಠದಲ್ಲಿ ಆ ಅಜ್ಜಿಯವರು ತೀರಿಕೊಂಡರು. ಮರುವರ್ಷ ವರ್ಷಾಂತಿಕವು ಸಮೀಪಿಸಿದಾಗ ಮದುಮಗಳ ತಂದೆಯವರು ಬಂದು, ತಾಯಿಯ ಮಾತುಗಳು ಪೂರ್ತಿಯಾಗಿ ಬೇಕೆಂದು ಕೇಳಿದರು. ಅಡಕಮಾಡಿದ ಕಡತವು ತೆರೆಯಲಿಲ್ಲ. ಅದರ ಕೊನೆಗೆ ಸೇರಿಸಿದ್ದ ತಾಳೆಯ ಸಂಖ್ಯೆಯು ಒಳಗಿನ ಅಂಕೆಗಳೊಡನೆ ಹೊಂದಲಿಲ್ಲ. ಅಡಕಮಾಡುವಾಗಲೇ ಎಲ್ಲಿಯೋ ಲೆಕ್ಕವು ತಪ್ಪಿತ್ತು. ಯಂತ್ರವು ಅಂದು ನಿಂತಿರಲಿಲ್ಲ, ಎಚ್ಚರಿಕೆ ಕೊಟ್ಟಿರಲಿಲ್ಲ. ಕೆಲಸ ಮುಗಿಯಿತೆಂದೇ ತಿಳಿಸಿತ್ತು.

ತರುಣನ ಸೋದರಮಾವನವರು ಹಿಂದೆ ಹರಿಹರದಲ್ಲಿ ಲೇತು ಕೆಲಸದಲ್ಲಿ ಪಳಗಿದವರು. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಇಂದು ನಡೆಯುತ್ತಿಲ್ಲವಾದರೂ, ಲೇತು ಎಂಬ ಮಾತು ಆ ಊರಿನಲ್ಲಿ ಮನೆಮಾತಾಗಿಯೇ ಉಳಿದಿದೆ. ಅಳಿಯನ ವ್ಯಸನವನ್ನು ಕೇಳಿ ಅವರು, "ಪರೀಕ್ಷೆ ಯಾವಾಗ ಮಾಡಿದ್ದೆಪ್ಪಾ?" ಎಂದು ವಿಚಾರಿಸಿದರು.

"ಎಳ್ಳಮಾಸಿ ಹೊತ್ತಿಗೆ ಮಾವಾ, ಬೆಳಿಗ್ಗೆ."

"ಚಳಿಯಾಗೆ ಮಾಡಿದ ಪರೀಕ್ಷೆ ಬ್ಯಾಸಿಗೆಗೆ ಹೆಂಗ ಆಗುತ್ತಪ್ಪಾ? ತಣ್ಣಗಿದ್ದಾಗ ಸರಿ ಇದ್ದದ್ದು ಬಿಸಿಯಾದ ಮ್ಯಾಲೂ ಸರಿ ಇರಬೇಕು."

ಲೇತಿನವರಿಗೆ ಇದು ಮೊದಲ ಪಾಠವು. ಹೊಸ ಲೇತನ್ನು ಜೋಡಿಸಿದೊಡನೆ ಅಳೆದು ಒಪ್ಪಿಕೊಳ್ಳುವುದಿಲ್ಲ. ಬೇರಿಂಗುಗಳು ಕಾಯುವವರೆಗೆ ಓಡಿಸಿ, ಆಮೇಲೆ ಒಂದು ಸರಳನ್ನು ಕಡೆದು, ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ಲೋಹವು ಶಾಖಕ್ಕೆ ಹಿಗ್ಗಿ ಅಕ್ಷವು ಕೂದಲೆಳೆಯಷ್ಟು ಸರಿದರೂ ಸರಳು ಅದನ್ನು ಹೇಳಿಬಿಡುವುದು. ಸದ್ದು ಚೆನ್ನಾಗಿದೆಯೆಂಬುದು ಪ್ರಮಾಣವಲ್ಲ. ಕಡೆದ ಸರಳಿನ ಅಳತೆಯೇ ಪ್ರಮಾಣವು.

ಪ್ರೊಸೆಸರಿನ ಪರೀಕ್ಷೆಯ ಮರ್ಮವೂ ಇದೇ: ಉತ್ತರವು ಮೊದಲೇ ತಿಳಿದಿರುವ ಲೆಕ್ಕವನ್ನು ಕೊಟ್ಟು, ಬಂದ ಉತ್ತರವನ್ನು ತಾಳೆನೋಡುವುದು. ಈ ಕಾರ್ಯಕ್ಕೆ ಪ್ರಸಿದ್ಧವಾದ ಪ್ರೈಮ್95 ಎಂಬ ತಂತ್ರಾಂಶವು ಪರೀಕ್ಷೆಗೆಂದೇ ಹುಟ್ಟಿದುದಲ್ಲ. ಎರಡರ ಒಂದು ಘಾತದಿಂದ ಒಂದನ್ನು ಕಳೆದರೆ ದೊರೆಯುವ ಅವಿಭಾಜ್ಯ ಸಂಖ್ಯೆಗಳಿಗೆ, 17ನೆಯ ಶತಮಾನದ ಫ್ರೆಂಚ್ ಪಾದ್ರಿಯೊಬ್ಬರ ನೆನಪಿನಲ್ಲಿ, ಮೆರ್ಸೆನ್ ಸಂಖ್ಯೆಗಳೆಂದು ಹೆಸರು. 127 ಅಂಥದೊಂದು. ಜಗತ್ತಿನ ಸಾವಿರಾರು ಗಣಕಯಂತ್ರಗಳ ಬಿಡುವಿನ ವೇಳೆಯಿಂದ ಇವನ್ನು ಹುಡುಕಬೇಕೆಂದು 1996ರಲ್ಲಿ ಅಮೆರಿಕದ ಜಾರ್ಜ್ ವೋಲ್ಟ್‌ಮನ್ ಎಂಬವರು ಒಂದು ಸಂಘಟನೆಯನ್ನು ಆರಂಭಿಸಿದರು. 2024ರ ಅಕ್ಟೋಬರಿನಲ್ಲಿ ಇದರಿಂದ 4,10,24,320 ಅಂಕೆಗಳ ಸಂಖ್ಯೆಯೊಂದು ದೊರೆಯಿತು. ಇಂಥ ಗಣಿತದಲ್ಲಿ ಕೋಟಿಗಟ್ಟಲೆ ವರ್ಗಗಳನ್ನು ಒಂದರಮೇಲೊಂದರಂತೆ ಮಾಡಬೇಕಾಗಿ, ನಡುವೆ ಒಂದೇ ಅಂಕೆ ತಪ್ಪಿದರೂ ವಾರಗಳ ಶ್ರಮವು ವ್ಯರ್ಥವಾಗುವುದು. ಆದ್ದರಿಂದ ಯಂತ್ರವು ನಂಬಲರ್ಹವೇ ಎಂದು ಮೊದಲು ನೋಡುವ ವ್ಯವಸ್ಥೆಯು ಅದರೊಳಗೇ ಇದೆ. ಪೂರ್ಣಸಂಖ್ಯೆಯೇ ಬರಬೇಕಾದ ಕಡೆ ಭಿನ್ನವು 0.4ನ್ನು ಮೀರಿದರೆ ಅದು ಕೂಡಲೇ ದೋಷವೆಂದು ಸಾರುವುದು. 2016ರಲ್ಲಿ ಇಂಟೆಲಿನ ಸ್ಕೈಲೇಕ್ ಪ್ರೊಸೆಸರುಗಳು, ಹೆಚ್ಚಿನ ವೇಗಕ್ಕೆ ಏರಿಸದಿದ್ದರೂ, ಇದೇ ಗಣಿತದಲ್ಲಿ ಸ್ತಬ್ಧವಾದುದನ್ನು ಹುಡುಕಾಟದವರೇ ಕಂಡುಹಿಡಿದರು. ಸಂಸ್ಥೆಯು ದೋಷವನ್ನು ಒಪ್ಪಿ ಪರಿಹಾರವನ್ನು ಕಳುಹಿಸಿತು.

ವೇದಪಾಠಶಾಲೆಗಳ ಪರಿಚಯವುಳ್ಳವರಿಗೆ ಈ ಕ್ರಮವು ಹೊಸದಲ್ಲ. ಅಲ್ಲಿ ಶಿಷ್ಯನು ಮಂತ್ರವನ್ನು ನೇರವಾಗಿ ಒಪ್ಪಿಸಿದ ಮಾತ್ರಕ್ಕೆ ಗುರುವು ತೃಪ್ತನಾಗುವುದಿಲ್ಲ. ಜಟೆಯಲ್ಲಿ ಒಂದು, ಎರಡು; ಎರಡು, ಒಂದು; ಒಂದು, ಎರಡು ಎಂದು ಪದಗಳನ್ನು ಹಿಂದುಮುಂದಾಗಿ ಹೇಳಿಸುವರು; ಘನದಲ್ಲಿ ಮೂರನೆಯ ಪದವನ್ನೂ ಸೇರಿಸಿ ಹೆಣೆಯುವರು. ನೇರಪಾಠದಲ್ಲಿ ಅಭ್ಯಾಸಬಲದಿಂದ ಅಡಗಿಕೊಳ್ಳುವ ತಪ್ಪು ಘನದಲ್ಲಿ ಅಡಗಲಾರದು.

ಆದರೂ ಒಂದು ಪರೀಕ್ಷೆಯು ಎಲ್ಲ ದೋಷಗಳನ್ನೂ ಹಿಡಿಯುವುದಿಲ್ಲ. ಗುಣಾಕಾರವನ್ನು ಒಂಬತ್ತರ ಶೇಷದಿಂದ ತಾಳೆನೋಡುವ ಹಳೆಯ ಪದ್ಧತಿಯನ್ನು ನೋಡಿರಿ. 23ನ್ನು 34ರಿಂದ ಗುಣಿಸಿದರೆ 782. ಶೇಷಗಳು 5 ಮತ್ತು 7; ಅವುಗಳ ಗುಣಲಬ್ಧ 35ರ ಶೇಷವು 8; 782ರ ಶೇಷವೂ 8. ಉತ್ತರವು ಸರಿ. ಆದರೆ ಹುಡುಗನು ಅಂಕೆಗಳನ್ನು ಅದಲುಬದಲಾಗಿಸಿ 872 ಎಂದು ಬರೆದರೂ ಶೇಷವು 8ಏ! ಅದೇ ರೀತಿಯಲ್ಲಿ, ಅತ್ಯಂತ ಶಾಖವನ್ನು ಹುಟ್ಟಿಸುವ ಚಿಕ್ಕ ಲೆಕ್ಕಗಳು ಪ್ರೊಸೆಸರಿನ ಒಡಲನ್ನು ಮಾತ್ರ ಪರೀಕ್ಷಿಸುವುವು. ಸ್ಮೃತಿಫಲಕಗಳ ದೋಷಕ್ಕೆ ಮೆಮ್‌ಟೆಸ್ಟಿನಂಥ ಬೇರೆ ಪರೀಕ್ಷೆಯೂ ದೊಡ್ಡ ಲೆಕ್ಕಗಳೂ ಬೇಕು. ಭಾರವು ಒಮ್ಮೆಲೆ ಏರಿ ಇಳಿಯುವಾಗ ಮಾತ್ರ ಕಾಣುವ ದೋಷಗಳೂ ಉಂಟು. ಆದ್ದರಿಂದ ದಿನನಿತ್ಯದ ಕೆಲಸವನ್ನೂ ಪರೀಕ್ಷೆಯಲ್ಲಿ ಸೇರಿಸಬೇಕು.

ಉಷ್ಣತೆಯ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಗಾಳಿಯಿಂದ ತಂಪುಮಾಡುವ ಸಾಧನವು ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಗಿಳಿಸಲಾರದು; ಭಾರವು ಒಂದೇ ಆಗಿದ್ದರೆ ಎರಡಕ್ಕೂ ಇರುವ ಅಂತರವು ಹೆಚ್ಚುಕಡಮೆ ಒಂದೇ ಆಗಿರುವುದು. ಕೋಣೆಯು 22ರಲ್ಲಿರುವಾಗ 76 ತೋರಿಸಿದ ಯಂತ್ರವು, ಕೋಣೆಯು 38 ಆದಾಗ 92 ತೋರಿಸುವುದು ಸಹಜವು. ದಾವಣಗೆರೆಯ ಸೀಮೆಯಲ್ಲಿ ಅಂಥ ಮಧ್ಯಾಹ್ನಗಳು ಅಪೂರ್ವವಲ್ಲ. ಎರಡನೆಯದು, ಇತ್ತೀಚಿನ ಪ್ರೊಸೆಸರುಗಳಲ್ಲಿ ಹಲವು 95 ಅಥವಾ 100 ಡಿಗ್ರಿಯನ್ನು ಮುಟ್ಟಿದಾಗ ಆತ್ಮರಕ್ಷಣೆಗಾಗಿ ತಾವೇ ವೇಗವನ್ನು ತಗ್ಗಿಸಿಕೊಳ್ಳುವುವು. ಆಗ ಯಂತ್ರವು ಉತ್ತೀರ್ಣವಾದಂತೆ ಕಂಡರೂ ಪರೀಕ್ಷೆಯಾದುದು ಕಡಿಮೆ ವೇಗಕ್ಕೆ. ಆದ್ದರಿಂದ ಉಷ್ಣತೆಯೊಡನೆ ವೇಗವನ್ನೂ ನೋಡುತ್ತಿರಬೇಕು. ಎಲ್ಲ ಕೋರುಗಳ ಸರಾಸರಿಯನ್ನಲ್ಲ, ಅತ್ಯಂತ ಬಿಸಿಯಾದ ಕೋರನ್ನು ಗಮನಿಸಬೇಕು.

ಮಾವ ಅಳಿಯಂದಿರು ಮಧ್ಯಾಹ್ನ ಮೂರು ಗಂಟೆಗೆ, ಕೋಣೆಯ ಉಷ್ಣತೆಯನ್ನು ಬರೆದುಕೊಂಡು, ಯಂತ್ರವನ್ನು ಮತ್ತೆ ಪರೀಕ್ಷೆಗೆ ಹಚ್ಚಿದರು. ಹದಿನೇಳನೆಯ ನಿಮಿಷಕ್ಕೆ, 94 ಡಿಗ್ರಿಯಲ್ಲಿ, ಒಂದು ಕೋರು ತಪ್ಪು ಉತ್ತರವನ್ನು ಕೊಟ್ಟಿತು. ಮುಚ್ಚಳವನ್ನು ತೆಗೆದು ನೋಡಿದರೆ ತಂಪುಕಾರಿಯ ಎಲೆಗಳ ನಡುವೆ ಧೂಳು ದಟ್ಟವಾಗಿ ಕುಳಿತಿತ್ತು. ಅದನ್ನು ಕೊಡವಿ, ಪ್ರೊಸೆಸರಿನ ಮೇಲಿನ ಒಣಗಿದ ಲೇಪವನ್ನು ಒರಸಿ ಹೊಸದನ್ನು ಹಚ್ಚಿ, ಮೊದಲು ತಯಾರಕರ ವೇಗದಲ್ಲಿಯೇ ಓಡಿಸಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡರು. ಬಳಿಕ ಒಂದೊಂದೇ ಮೆಟ್ಟಿಲು ಏರಿಸುತ್ತ, ಪ್ರತಿಯೊಂದರಲ್ಲಿಯೂ ಅರ್ಧ ಗಂಟೆ ನಿಂತು ನೋಡಿದರು. 4.1ರವರೆಗೆ ತಪ್ಪು ಬರಲಿಲ್ಲ. ಮಾವನವರು ಅದಕ್ಕೂ ಒಂದು ಮೆಟ್ಟಿಲು ಕೆಳಗಿಳಿಸಿ, ವೋಲ್ಟೇಜನ್ನೂ ತಗ್ಗಿಸಿ, 4.0ರಲ್ಲಿ ಒಂದು ಮಧ್ಯಾಹ್ನದಿಂದ ಮರು ಮಧ್ಯಾಹ್ನದವರೆಗೆ ಓಡಿಸಿದರು. ಅತ್ಯಧಿಕ ಉಷ್ಣತೆಯು 83 ಆಯಿತು.

ಇಂದು ಸ್ಥಿರವಾದುದು ಎಂದೆಂದಿಗೂ ಸ್ಥಿರವಲ್ಲವೆಂಬುದನ್ನೂ ಮರೆಯಲಾಗದು. ಇಂಟೆಲಿನ 13 ಮತ್ತು 14ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳು ಮಿತಿಮೀರಿದ ವೋಲ್ಟೇಜಿನಿಂದ ಕ್ರಮೇಣ ಸವೆದು ಅಸ್ಥಿರವಾದುವೆಂದು 2024ರಲ್ಲಿ ಸಂಸ್ಥೆಯೇ ಪ್ರಕಟಿಸಿ, ಖಾತರಿಯ ಅವಧಿಯನ್ನು ಎರಡು ವರ್ಷ ವಿಸ್ತರಿಸಿತು. ಸವೆದುದನ್ನು ತಂತ್ರಾಂಶವು ಮತ್ತೆ ಸರಿಪಡಿಸಲಾರದು. ಆದ್ದರಿಂದ ಪರೀಕ್ಷೆಯನ್ನು ವರ್ಷಕ್ಕೊಮ್ಮೆ, ಅದೂ ಬೇಸಿಗೆಯಲ್ಲಿ, ಪುನಃ ಮಾಡತಕ್ಕದ್ದು.

4.2ರಿಂದ 4.0ಕ್ಕೆ ಇಳಿಸಿದುದರಿಂದ ತರುಣನಿಗೆ ಆದ ನಷ್ಟವು ಒಂದು ಮದುವೆಗೆ ಸುಮಾರು ಹನ್ನೆರಡು ನಿಮಿಷಗಳು. ಕಡತವನ್ನು ಅಡಕಮಾಡಿದ ಮೇಲೆ ಅದನ್ನು ಮತ್ತೆ ತೆರೆದು, ತಾಳೆಯಾಯಿತೆಂದು ಕಂಡ ನಂತರವೇ ಕ್ಯಾಮೆರಾದ ಕಾರ್ಡನ್ನು ಅಳಿಸುವ ನಿಯಮವನ್ನು ಅವನು ಹಾಕಿಕೊಂಡಿದ್ದಾನೆ. ಅದಕ್ಕೆ ಇನ್ನೂ ಹತ್ತು ನಿಮಿಷಗಳು ಹಿಡಿಯುವುವು. ಆ ಮನೆಯವರ ಬಳಿಯಲ್ಲಿ ಅಜ್ಜಿಯವರ ಕೈ ಕಾಣುವ ಕೆಲವು ಕ್ಷಣಗಳ ಚಿತ್ರವಿದೆ, ಮಾತುಗಳಿಲ್ಲ.