ಉಪ್ಪು, ಸಕ್ಕರೆ ಮತ್ತು ಒಂದು ಪೊರೆ

ಒಂಬತ್ತನೇ ತರಗತಿಗೆ ವಿಜ್ಞಾನ ಹೇಳುವ ಯಾವ ಮೇಷ್ಟರನ್ನು ಬೇಕಾದರೂ ಕೇಳಿ ನೋಡಿ. ಜೀವಕೋಶದ ಪಾಠ ಬಂದಾಗ ಮಕ್ಕಳಿಗೆಲ್ಲ ನ್ಯೂಕ್ಲಿಯಸ್, ಮೈಟೋಕಾಂಡ್ರಿಯಗಳ ಮೇಲೇ ಕಣ್ಣು. ಅವನ್ನು ದೊಡ್ಡದಾಗಿ ಬರೆದು ಬಣ್ಣ ತುಂಬುತ್ತಾರೆ. ಕೊನೆಗೆ ಸುತ್ತ ಒಂದು ಗೆರೆ ಎಳೆದು, ಬಾಣದ ಗುರುತು ಹಾಕಿ ‘ಕೋಶಪೊರೆ’ ಎಂದು ಬರೆದರೆ ಚಿತ್ರ ಮುಗಿಯಿತು. ‘ಕೋಶಪೊರೆಯು ಅರೆಪಾರಗಮ್ಯ’ ಎಂಬ ಒಂದು ವಾಕ್ಯ ಬಾಯಿಪಾಠವಾದರೆ ಅಂಕವೂ ಖಚಿತ.

ಸುಮಾರು ಮೂವತ್ತು ವರ್ಷಗಳಿಂದ ಈ ಪಾಠ ಮಾಡುತ್ತಿರುವ ನನಗೆ ಮಾತ್ರ ಆ ಗೆರೆಯೇ ದೊಡ್ಡದು. ಅದಕ್ಕೆ ಕಾರಣ ವಿಜ್ಞಾನವೂ ಹೌದು, ನಮ್ಮ ಮನೆಯ ಒಂದು ನೋವೂ ಹೌದು. ವಿಜ್ಞಾನವನ್ನು ಮೊದಲು ಹೇಳುತ್ತೇನೆ.

ರಾಮನವಮಿಗೆ ಕೋಸಂಬರಿ ಮಾಡುವ ತಾಯಂದಿರಿಗೆ ಒಂದು ಗುಟ್ಟು ಗೊತ್ತು. ಸೌತೆಕಾಯಿ ಹೆಚ್ಚಿ, ನೆನೆದ ಬೇಳೆ ಬೆರೆಸಿ, ಒಗ್ಗರಣೆ ಕೊಟ್ಟು ಇಟ್ಟರೂ ಉಪ್ಪು ಮಾತ್ರ ಬಡಿಸುವ ಹೊತ್ತಿಗೆ. ಮೊದಲೇ ಹಾಕಿದರೆ ಕೋಸಂಬರಿ ನೀರೊಡೆಯುತ್ತದೆ. ಮಾವಿನ ಮಿಡಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಕೆಲವು ದಿನಗಳಲ್ಲಿ ಮಿಡಿ ಚಿರುಟಿ, ಜಾಡಿಯ ತುಂಬ ನೀರು. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಇದರ ತಿರುವುಮುರುವು: ಬೆಳಗಾಗುವಷ್ಟರಲ್ಲಿ ಅದು ಉಬ್ಬಿ ದುಂಡಗಾಗಿರುತ್ತದೆ. ಉಪ್ಪು ಅಥವಾ ಸಕ್ಕರೆ ಯಾವ ಕಡೆ ದಟ್ಟವಾಗಿದೆಯೋ ಆ ಕಡೆಗೆ ನೀರು ಪೊರೆಯನ್ನು ದಾಟಿ ಹೋಗುತ್ತದೆ. ಇದೇ ಅಭಿಸರಣೆ. ಉಪ್ಪು ಹೋದ ಕಡೆ ನೀರು ಹಿಂಬಾಲಿಸುತ್ತದೆ ಎಂದು ನೆನಪಿಟ್ಟುಕೊಳ್ಳಿ. ಮುಂದೆ ಈ ಮಾತು ಬೇಕಾಗುತ್ತದೆ.

ಪೊರೆ ನಿಜವಾಗಿ ಕಾವಲು ಕಾಯುತ್ತದೆಯೇ ಎಂಬ ಅನುಮಾನವಿದ್ದರೆ ಬೀಟ್‌ರೂಟ್ ತನ್ನಿ. ಹೋಳು ಮಾಡಿ, ಕತ್ತರಿಸಿದಾಗ ಒಸರಿದ ಬಣ್ಣ ಹೋಗುವಂತೆ ಚೆನ್ನಾಗಿ ತೊಳೆದು ತಣ್ಣೀರಿಗೆ ಹಾಕಿ. ನೀರು ಬಹುಮಟ್ಟಿಗೆ ತಿಳಿಯಾಗಿಯೇ ಉಳಿಯುತ್ತದೆ. ಅದೇ ಹೋಳನ್ನು ಕುದಿಯುವ ನೀರಿಗೆ ಹಾಕಿದರೆ ನಿಮಿಷಗಳಲ್ಲಿ ನೀರೆಲ್ಲ ಕೆಂಪು. ಬಿಸಿಗೆ ಪೊರೆ ಹಾಳಾಯಿತು, ಕಾವಲು ತಪ್ಪಿತು, ಒಳಗಿದ್ದ ಬಣ್ಣ ಹೊರಗೆ ಬಂತು.

ಈ ಕಾವಲುಗಾರನ ದಪ್ಪ ಎಷ್ಟು ಗೊತ್ತೇ? ಏಳೆಂಟು ನ್ಯಾನೊಮೀಟರ್. ಸುಮಾರು ಹತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ನಿಮ್ಮ ಕೈಯಲ್ಲಿರುವ ಪತ್ರಿಕೆಯ ಒಂದು ಹಾಳೆಯಷ್ಟಾದೀತು. 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬುವರು ಕೆಂಪು ರಕ್ತಕಣಗಳಿಂದ ಕೊಬ್ಬಿನಂಶ ತೆಗೆದು ನೀರಿನ ಮೇಲೆ ಹರಡಿದರು. ಅದು ಆವರಿಸಿದ ಜಾಗ ರಕ್ತಕಣಗಳ ಮೈಯ ಎರಡರಷ್ಟು ಬಂತು. ಹಾಗಾದರೆ ಪೊರೆಯಲ್ಲಿ ಕೊಬ್ಬಿನ ಅಣುಗಳು ಎರಡು ಪದರವಾಗಿರಬೇಕು ಎಂದು ಅವರು ತೀರ್ಮಾನಿಸಿದರು. ನೀರನ್ನು ಇಷ್ಟಪಡುವ ತಲೆಗಳು ಹೊರಕ್ಕೆ, ನೀರನ್ನು ದೂರವಿಡುವ ಬಾಲಗಳು ಒಳಕ್ಕೆ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಈ ಚಿತ್ರವನ್ನು ಪೂರ್ಣಗೊಳಿಸಿದರು. ಎಣ್ಣೆಯಂತೆ ಜಾರಾಡುವ ಆ ಎರಡು ಪದರಗಳಲ್ಲಿ ಪ್ರೋಟೀನುಗಳು ಅಲ್ಲಲ್ಲಿ ಹುದುಗಿಕೊಂಡಿವೆ ಎಂದರು.

ಆಮ್ಲಜನಕ, ಇಂಗಾಲದ ಡೈಆಕ್ಸೈಡ್‌ಗಳು ಈ ಕೊಬ್ಬಿನ ಪದರದ ನಡುವೆಯೇ ನುಸುಳಿ ಹೋಗುತ್ತವೆ. ಇದು ವಿಸರಣೆ. ನೀರೂ ಅಲ್ಪಸ್ವಲ್ಪ ನುಸುಳುತ್ತದೆ. ಆದರೆ ಎಷ್ಟೋ ಕೋಶಗಳಲ್ಲಿ ನೀರಿಗೆಂದೇ ಪ್ರತ್ಯೇಕ ಕಾಲುವೆಗಳಿವೆ. 1992ರಲ್ಲಿ ಅವನ್ನು ಗುರುತಿಸಿದ ಅಮೆರಿಕದ ಪೀಟರ್ ಅಗ್ರೆಗೆ 2003ರ ರಸಾಯನ ವಿಜ್ಞಾನದ ನೊಬೆಲ್‌ನಲ್ಲಿ ಪಾಲು ದೊರೆಯಿತು. ಸೋಡಿಯಂ ಅಯಾನಿಗೂ ಗ್ಲೂಕೋಸಿಗೂ ಈ ಭಾಗ್ಯವಿಲ್ಲ. ಪ್ರೋಟೀನಿನ ಬಾಗಿಲು ತೆರೆಯದೆ ಅವು ಒಳಗೆ ಬರಲಾರವು.

ನಮ್ಮ ಸಣ್ಣ ಕರುಳಿನ ಒಳಮೈಯಲ್ಲಿರುವ ಒಂದು ಬಾಗಿಲು ಬಹಳ ವಿಶೇಷವಾದದ್ದು. ಹಳ್ಳಿಯ ರಸ್ತೆಯಲ್ಲಿ ಓಡಾಡುವ ಟೆಂಪೋ ನೋಡಿದ್ದೀರಲ್ಲ, ಸೀಟು ತುಂಬುವ ತನಕ ಹೊರಡುವುದೇ ಇಲ್ಲ. ಈ ಪ್ರೋಟೀನೂ ಹಾಗೆಯೇ. ಅದರಲ್ಲಿ ಮೂರು ಸೀಟು: ಎರಡು ಸೋಡಿಯಂಗೆ, ಒಂದು ಗ್ಲೂಕೋಸಿಗೆ. ಮೂರೂ ತುಂಬಿದರೆ ಗಾಡಿ ಒಳಗೆ ಹೊರಟಿತು. ಹೀಗೆ ಗ್ಲೂಕೋಸೂ ಸೋಡಿಯಮ್ಮೂ ಜೊತೆಯಾಗಿ ಒಳಗೆ ಹೋಗುತ್ತವೆ ಎಂಬ ವಿಚಾರವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದರು. ಒಳಗೆ ಬಂದ ಸೋಡಿಯಮ್ಮನ್ನು ಕೋಶದ ಇನ್ನೊಂದು ಪಕ್ಕದಲ್ಲಿರುವ ಪಂಪು ರಕ್ತದ ಕಡೆಗೆ ಎತ್ತಿ ಹಾಕುತ್ತಲೇ ಇರುತ್ತದೆ. ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಇದಕ್ಕೆ ಶಕ್ತಿ ಬೇಕು. ಆದ್ದರಿಂದಲೇ ಇದು ಸಕ್ರಿಯ ಸಾಗಾಣಿಕೆ. ಡೆನ್ಮಾರ್ಕಿನ ಯೆನ್ಸ್ ಸ್ಕೋ ಏಡಿಯ ನರಗಳಲ್ಲಿ ಈ ಪಂಪಿನ ಸುಳಿವು ಹಿಡಿದು 1957ರಲ್ಲಿ ಪ್ರಕಟಿಸಿದರು. ನಲವತ್ತು ವರ್ಷಗಳ ನಂತರ, 1997ರಲ್ಲಿ, ಅವರಿಗೆ ನೊಬೆಲ್ ಬಂತು.

ಇನ್ನು ಮನೆಯ ವಿಚಾರ.

1978ರ ಮುಂಗಾರು ಆಗತಾನೆ ಶುರುವಾಗಿತ್ತು. ನನಗಾಗ ಒಂಬತ್ತು ವರ್ಷ, ನನ್ನ ತಮ್ಮನಿಗೆ ಎರಡು ತುಂಬಿತ್ತು. ಒಂದು ಬೆಳಗ್ಗೆ ಅವನಿಗೆ ವಾಂತಿಭೇದಿ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಒಳಸೇರಿತ್ತು. ನೀರು ನೀರು ಎಂದು ಕೈಚಾಚುತ್ತಿದ್ದ. “ನೀರು ಕೊಡಬೇಡಿ, ಕುಡಿಸಿದಷ್ಟೂ ಹೋಗುತ್ತೆ” ಎಂದು ಹಿರಿಯರು ತಡೆದರು. ಅಮ್ಮ ಬಟ್ಟೆಯ ಚುಂಗು ಒದ್ದೆ ಮಾಡಿ ಅವನ ತುಟಿಗೆ ಒತ್ತುತ್ತಿದ್ದಳು. ಪೇಟೆಗೆ ಹೋಗುವ ಬಸ್ಸು ಮರುದಿನ ಬೆಳಗ್ಗೆ. ಅಷ್ಟರವರೆಗೆ ತಮ್ಮ ಉಳಿಯಲಿಲ್ಲ.

ತಡೆದವರು ಕೆಟ್ಟವರಲ್ಲ. ಅವನನ್ನು ಎತ್ತಿ ಆಡಿಸಿದವರೇ. ಕುಡಿಸಿದ ನೀರು ಹಾಗೇ ಹೋಗುವುದನ್ನು ಕಣ್ಣಾರೆ ಕಂಡು ಅವರು ಆ ತೀರ್ಮಾನಕ್ಕೆ ಬಂದಿದ್ದರು. ಅವರ ಕಣ್ಣಿಗೆ ಕಾಣದೆ ಉಳಿದದ್ದು ಕರುಳಿನ ಆ ಬಾಗಿಲು.

ಕಾಲರಾದ ವಿಷ ಕರುಳಿನ ಕೋಶಗಳಲ್ಲಿ ಕ್ಲೋರೈಡ್ ಹೊರಹೋಗುವ ಕಾಲುವೆಗಳನ್ನು ತೆರೆದಿಟ್ಟುಬಿಡುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಂ, ಅವುಗಳ ಹಿಂದೆ ನೀರು. ಬರಿಯ ನೀರು ಕುಡಿಸಿದರೆ ಕಳೆದ ಉಪ್ಪು ಮರಳುವುದಿಲ್ಲ. ಬರಿಯ ಉಪ್ಪುನೀರಾದರೆ ಗ್ಲೂಕೋಸಿನ ಸೀಟು ಖಾಲಿ, ಟೆಂಪೋ ಹೊರಡುವುದಿಲ್ಲ. ಆದರೆ ಅಷ್ಟು ಭೇದಿಯಾಗುತ್ತಿರುವಾಗಲೂ ಆ ಟೆಂಪೋ ಕೆಟ್ಟಿರುವುದಿಲ್ಲ! ಉಪ್ಪು, ಸಕ್ಕರೆ ಎರಡನ್ನೂ ಹದವಾಗಿ ಬೆರೆಸಿ ಕೊಟ್ಟರೆ ಅವು ಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಹಿಂಬಾಲಿಸುತ್ತದೆ. ಓಆರ್‌ಎಸ್ ಎಂಬ ಪೊಟ್ಟಣದ ಗುಟ್ಟು ಇಷ್ಟೇ.

1971ರ ಬಾಂಗ್ಲಾ ವಿಮೋಚನಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಕಾಗಲಿಲ್ಲ. ಡಾ. ದಿಲೀಪ್ ಮಹಾಲನೊಬಿಸ್ ಮತ್ತು ಸಂಗಡಿಗರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡದ ಲೆಕ್ಕದಲ್ಲಿ ಬೆರೆಸಿ, ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಮಹಾಲನೊಬಿಸ್ 2022ರಲ್ಲಿ ತೀರಿಕೊಂಡರು. 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಈ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆ ಇದೇ ಆಗಬಹುದೆಂದು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಸಂಪಾದಕೀಯ ಬರೆದದ್ದು 1978ರಲ್ಲಿ. ನನ್ನ ತಮ್ಮ ಹೋದ ವರ್ಷ.

ಇದನ್ನೆಲ್ಲ ನಾನು ತಿಳಿದದ್ದು ಬಿಎಸ್‌ಸಿ ಓದುವಾಗ. ಅಮ್ಮನಿಗೆ ಹೇಳುವ ಧೈರ್ಯ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆಶಾ ಕಾರ್ಯಕರ್ತೆ ನನ್ನ ಮಗಳಿಗೆಂದು ಒಂದು ಪೊಟ್ಟಣ ಕೊಟ್ಟು ಹೋದಳು. ಇದರಲ್ಲೇನಿದೆ ಎಂದು ಅಮ್ಮ ಕೇಳಿದಳು. ಹೇಳಿದೆ. ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಉಪ್ಪು, ಸಕ್ಕರೆನಾ? ಎರಡೂ ಮನೇಲಿತ್ತಲ್ಲೋ” ಎಂದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ಆದ್ದರಿಂದ ಈ ಪಾಠ ಮುಗಿದ ಮರುದಿನ ನನ್ನ ತರಗತಿಯಲ್ಲಿ ಪ್ರತಿ ಗುಂಪೂ ಒಂದು ಲೀಟರ್ ಓಆರ್‌ಎಸ್ ಮಾಡಬೇಕು. ನೀವೂ ಮನೆಯಲ್ಲಿ ಮಾಡಿ ನೋಡಿ. ಈಗ ಬಳಕೆಯಲ್ಲಿರುವುದು ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ ಸೂತ್ರ: ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಬೆರೆಸಬೇಕು. ಪೊಟ್ಟಣ ಚಿಕ್ಕದಾದರೆ ಅದರ ಮೇಲೆ ಬರೆದ ಅಳತೆ ನೋಡಿ. ಮಾಡಿದ್ದನ್ನು 24 ಗಂಟೆಯ ಮೇಲೆ ಇಡಬಾರದು. ಪೊಟ್ಟಣ ಸಿಗದಿದ್ದರೆ ಲೀಟರ್ ನೀರಿಗೆ ಟೀ ಚಮಚದಲ್ಲಿ ಸಮತಟ್ಟಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ರುಚಿ ಕಣ್ಣೀರಿಗಿಂತ ಉಪ್ಪಾಗಿರಬಾರದು. ಸಕ್ಕರೆ ಹೆಚ್ಚಿರಲಿ ಎಂದು ಸುರಿಯಬೇಡಿ, ತಂಪು ಪಾನೀಯವನ್ನೂ ಕೊಡಬೇಡಿ. ದಟ್ಟವಾದ ಸಕ್ಕರೆ ಕರುಳಿನೊಳಕ್ಕೇ ನೀರನ್ನು ಎಳೆಯುತ್ತದೆ. ಮಿಡಿಯ ಜಾಡಿ ನೆನಪಿದೆಯಲ್ಲ? ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಮಗು ಮಂಕಾದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದು ನಿಲ್ಲದಿದ್ದರೆ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ.

ವಿದ್ಯಾರ್ಥಿಗಳಿಗೆ ನಾನು ಕೊಡುವ ಮನೆಗೆಲಸ ಒಂದೇ. ನೀರನ್ನು ಏಕೆ ನಿಲ್ಲಿಸಬಾರದು ಎಂಬುದನ್ನು ಮನೆಯ ಅತಿ ಹಿರಿಯರಿಗೆ ಅವರ ಮಾತಿನಲ್ಲೇ ವಿವರಿಸಿ, ನೋಟ್‌ಬುಕ್ಕಿನಲ್ಲಿ ಅವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡು ಬರಬೇಕು. ರಾತ್ರಿ ಮಗುವಿನ ಪಕ್ಕ ಚಮಚ ಹಿಡಿದು ಕೂರುವವರು ಹೆಚ್ಚಾಗಿ ಅವರೇ.

ಪೋಷಕರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮಗಳೋ ಮಗನೋ ಹೀಗೆ ಪಾಠ ಹೇಳಲು ಬಂದರೆ ಹೋಗಿ ಓದಿಕೋ ಎಂದು ಗದರಬೇಡಿ. ಕೂರಿಸಿಕೊಂಡು, ಏಕೆ ಎಂದು ಕೇಳಿ.